ಬಿಡುವ ಉಸಿರಿನಿಂದ ಶುರುಮಾಡಿ: ಲಯದ ಉಸಿರಾಟದ ಅಭ್ಯಾಸಕ್ರಮ

ಹೊತ್ತ ಭಾರ ಇಳಿಸಿದೊಡನೆ ಬಾಯಿಂದ ತಾನಾಗಿ ಹೊರಡುವುದು ‘ಉಸ್ಸಪ್ಪಾ’. ಮಾತಿನ ವೇಷದಲ್ಲಿರುವ ಒಂದು ಉದ್ದನೆಯ ಹೊರ ಉಸಿರು ಅದು. ಗಾಬರಿ ಕಳೆದಾಗ, ಅಳು ನಿಂತಾಗ, ಕೆಲಸ ಮುಗಿದು ಕೂತಾಗ ಮೈ ತಾನಾಗಿ ಮಾಡುವುದು ಇದನ್ನೇ. ಆದರೆ ಪ್ರಾಣಾಯಾಮಕ್ಕೆಂದು ಕೂತವರಲ್ಲಿ ಹೆಚ್ಚಿನವರು ಮೊದಲು ಎದೆಯುಬ್ಬಿಸಿ, ಭುಜ ಏರಿಸಿ ಗಾಳಿ ಎಳೆದುಕೊಳ್ಳುತ್ತಾರೆ. ಅಭ್ಯಾಸದಲ್ಲಿ ಬರುವ ತೊಂದರೆಗಳು ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ. ಬಿಡುವುದನ್ನು ಮೊದಲು ಕಲಿತರೆ ಎಳೆದುಕೊಳ್ಳುವುದು ಬೇಗ ಹದಕ್ಕೆ ಬರುತ್ತದೆ. ಇಲ್ಲಿ ಹೇಳಿರುವ ಕ್ರಮವೂ ಹಾಗೆಯೇ ಇದೆ.

ಯೋಗಶಾಸ್ತ್ರ ಉಸಿರನ್ನು ಹಿಡಿದದ್ದೇಕೆ

ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ, ಅಂದರೆ ಅಧ್ಯಾಯದಲ್ಲಿ, ಚಿತ್ತ ಚೆದುರಿದಾಗ ಅದರ ಜೊತೆಗೇ ಬರುವ ನಾಲ್ಕು ಲಕ್ಷಣಗಳನ್ನು ಹೇಳಿದೆ (1.31): ದುಃಖ, ಮನಸ್ಸಿನ ಕುಗ್ಗು, ಮೈಯ ನಡುಕ ಮತ್ತು ಶ್ವಾಸ-ಪ್ರಶ್ವಾಸ. ಕಡೆಯದು ಏರುಪೇರಾದ ಉಸಿರಾಟ. ಈ ನಾಲ್ಕರಲ್ಲಿ ಮೊದಲ ಮೂರನ್ನು ‘ನಿಲ್ಲು’ ಎಂದರೆ ನಿಲ್ಲುವುದಿಲ್ಲ. ಉಸಿರು ಮಾತ್ರ ಹೇಳಿದ ಮಾತು ಕೇಳುತ್ತದೆ. ಹೃದಯದ ಬಡಿತ, ಜೀರ್ಣಕ್ರಿಯೆಗಳ ಹಾಗೆ ನಮ್ಮ ಗಮನವಿಲ್ಲದೆ ತಾನಾಗಿಯೂ ನಡೆಯುತ್ತದೆ, ನಾವು ಬಯಸಿದಾಗ ನಮ್ಮ ಹಿಡಿತಕ್ಕೂ ಬರುತ್ತದೆ. ತೈತ್ತಿರೀಯ ಉಪನಿಷತ್ತು ಹೇಳುವ ಐದು ಕೋಶಗಳಲ್ಲಿ, ಅಂದರೆ ಒಂದರೊಳಗೊಂದಿರುವ ಹೊದಿಕೆಗಳಲ್ಲಿ, ಉಸಿರಿನ ಪ್ರಾಣಮಯವು ಮೈಯ ಅನ್ನಮಯಕ್ಕೂ ಮನಸ್ಸಿನ ಮನೋಮಯಕ್ಕೂ ನಡುವೆ ಬರುತ್ತದೆ. ಮೈಯಿಂದ ಮನಸ್ಸಿಗೆ ಹೋಗುವ ದಾರಿಯಲ್ಲಿ ಉಸಿರು ಹೊಸ್ತಿಲಿನಂತೆ ಕೂತಿದೆ.

ಮೂರು ಸೂತ್ರ ದಾಟಿದರೆ ಪರಿಹಾರವೂ ಸಿಗುತ್ತದೆ (1.34): ‘ಪ್ರಚ್ಛರ್ದನವಿಧಾರಣಾಭ್ಯಾಂ ವಾ ಪ್ರಾಣಸ್ಯ’. ಪ್ರಚ್ಛರ್ದನ ಎಂದರೆ ಹೊರಹಾಕುವುದು, ವಿಧಾರಣ ಎಂದರೆ ತಡೆದು ನಿಲ್ಲಿಸುವುದು. ಎಳೆದುಕೊಳ್ಳುವ ಮಾತೇ ಇಲ್ಲಿಲ್ಲ ಎಂಬುದನ್ನು ಗಮನಿಸಿ. ಎರಡನೆಯ ಪಾದದ 50ನೇ ಸೂತ್ರದಲ್ಲಿ ಅಭ್ಯಾಸದ ಅಳತೆಗೋಲು ಇದೆ: ದೇಶ, ಕಾಲ, ಸಂಖ್ಯೆ. ಉಸಿರು ಮೈಯಲ್ಲಿ ಎಲ್ಲಿ ಆಡುತ್ತಿದೆ, ಎಷ್ಟು ಹೊತ್ತು ಸಾಗುತ್ತದೆ, ಎಷ್ಟು ಬಾರಿ ಆಗುತ್ತದೆ. ಈ ಮೂರನ್ನೂ ನೋಡುತ್ತ ಹೋದರೆ ಉಸಿರು ದೀರ್ಘವೂ ಸೂಕ್ಷ್ಮವೂ ಆಗುತ್ತದೆ ಎನ್ನುತ್ತದೆ ಸೂತ್ರ. ಈ ಎರಡು ಪದ ಒಟ್ಟಿಗಿರುವುದು ಮುಖ್ಯ. ಉದ್ದವಾಗಿಯೂ ಒರಟಾಗಿರುವ ಉಸಿರು ಇನ್ನೂ ಹದಕ್ಕೆ ಬಂದಿಲ್ಲ.

ಮೈಯೊಳಗೆ ಆಗುವುದೇನು

ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ನಿಧಾನವಾಗಿ ಉಸಿರಾಡಿ. ಎಳೆದುಕೊಳ್ಳುವಾಗ ಬಡಿತ ತುಸು ಬಿರುಸಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಎಳೆಯ ವಯಸ್ಸಿನವರಲ್ಲಿ ಇದು ಬೆರಳಿಗೆ ಚೆನ್ನಾಗಿ ಸಿಗುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರವು ಬಡಿತಕ್ಕೆ ಕಡಿವಾಣ ಹಾಕುತ್ತದೆ. ಉಸಿರು ಬಿಡುವಾಗ ಆ ಕಡಿವಾಣ ಬಿಗಿಯಾಗುತ್ತದೆ, ಎಳೆಯುವಾಗ ಸಡಿಲವಾಗುತ್ತದೆ. ಬಿಡುವ ಉಸಿರನ್ನು ಉದ್ದ ಮಾಡಿದರೆ ಮೈ ತಣಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು 6ರ ಸುಮಾರಿಗೆ ಇಳಿಸಿದಾಗ ಉಸಿರಾಟ, ಎದೆಬಡಿತ, ರಕ್ತದೊತ್ತಡ ಮೂರರ ಏರಿಳಿತಗಳೂ ಒಂದೇ ತಾಳಕ್ಕೆ ಬೀಳುತ್ತವೆ. ಮಂತ್ರವನ್ನೂ ಜಪಮಾಲೆಯ ಪ್ರಾರ್ಥನೆಯನ್ನೂ ಸಾವಕಾಶವಾಗಿ ಹೇಳಿದರೆ ಉಸಿರು ಸುಮಾರು ಇದೇ ಗತಿಗೆ ಬಂದು ನಿಲ್ಲುತ್ತದೆ ಎಂದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ.

ಇನ್ನೊಂದು ಲೆಕ್ಕ. ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಒಳಹೋಗುತ್ತದೆ ಎನ್ನೋಣ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಹಾಗೆಯೇ ಹಿಂದಿರುಗುತ್ತದೆ. ನಿಮಿಷಕ್ಕೆ 12 ಬಾರಿ ಉಸಿರಾಡಿದರೆ ಒಟ್ಟು 6 ಲೀಟರ್ ಎಳೆದುಕೊಂಡರೂ ಶ್ವಾಸಕೋಶದೊಳಗಿನ ಗಾಳಿಗೂಡುಗಳಿಗೆ ತಲುಪುವುದು 4.2 ಲೀಟರ್. ಅದೇ 6 ಲೀಟರನ್ನು 6 ಉಸಿರಿನಲ್ಲಿ, ಒಂದಕ್ಕೆ 1,000 ಮಿಲಿಲೀಟರಿನಂತೆ ಎಳೆದುಕೊಂಡರೆ 5.1 ಲೀಟರ್ ತಲುಪುತ್ತದೆ. ಹಾಗಾಗಿ ಉಸಿರನ್ನು ನಿಧಾನ ಮಾಡಿದರೆ ಗಾಳಿ ಸಾಲದೆ ಹೋದೀತು ಎಂಬ ಹೆದರಿಕೆ ಬೇಡ.

ಕೂರುವುದು

‘ಸ್ಥಿರಸುಖಮಾಸನಮ್’ ಎನ್ನುತ್ತದೆ ಸೂತ್ರ (2.46): ಅಲುಗದೆ, ಹಿತವಾಗಿ ಕೂರುವುದೇ ಆಸನ. ಪದ್ಮಾಸನವೇ ಆಗಬೇಕೆಂದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರುವುದಾದರೆ ಮಡಚಿದ ಕಂಬಳಿಯನ್ನೋ ಗಟ್ಟಿ ದಿಂಬನ್ನೋ ಪೃಷ್ಠದ ಕೆಳಗಿಟ್ಟು 3ರಿಂದ 4 ಇಂಚು ಎತ್ತರ ಮಾಡಿಕೊಳ್ಳಿ. ಮಂಡಿಗಳು ಸೊಂಟಕ್ಕಿಂತ ಮೇಲಿದ್ದರೆ ಸೊಂಟ ಹಿಂದಕ್ಕೆ ಮಗುಚಿ, ಬೆನ್ನು ಗೂನಾಗಿ, ಹೊಟ್ಟೆ ಮಡಿಕೆ ಬೀಳುತ್ತದೆ. ಆಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆ ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಕುರ್ಚಿಯಲ್ಲಿ ಕೂರುವವರು ಅಂಚಿಗೆ ಬಂದು, ಎರಡೂ ಪಾದ ನೆಲಕ್ಕೂರಿ, ಬೆನ್ನನ್ನು ಒರಗಿಸದೆ ಕೂರಲಿ. ಗದ್ದ ತುಸು ಒಳಗಿರಲಿ, ನಾಲಿಗೆ ಸಡಿಲವಾಗಿರಲಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗದಿರಲಿ. ಹಲ್ಲು ಕಚ್ಚಿ ಕೂತರೆ ಗಂಟಲೂ ಬಿಗಿಯುತ್ತದೆ.

ಹೊಟ್ಟೆ ಖಾಲಿ ಇರಬೇಕು: ಊಟವಾಗಿ 3ರಿಂದ 4 ಗಂಟೆ, ತಿಂಡಿಯಾಗಿ 2 ಗಂಟೆ. ಸೊಂಟದ ಬಿಗಿಯುಡುಪು ಸಡಿಲಿಸಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಸುವಲ್ಲಿ ಕೂರಬೇಡಿ.

ಮೊದಲ ವಾರ: ಬಿಡುವುದು ಮಾತ್ರ

ಕೂತೊಡನೆ ಏನನ್ನೂ ಬದಲಿಸದೆ ಒಂದು ನಿಮಿಷ ಉಸಿರನ್ನು ಎಣಿಸಿ. ಎಣಿಸಲು ಹೊರಟರೆ ಸಾಕು, ಉಸಿರು ತಾನೇ ಸ್ವಲ್ಪ ನಿಧಾನವಾಗಿಬಿಡುತ್ತದೆ. ಅದರಿಂದ ತೊಂದರೆಯಿಲ್ಲ. ಬಂದ ಸಂಖ್ಯೆಯನ್ನು ಬರೆದಿಡಿ. ಮುಂದಿನ ವಾರಗಳಲ್ಲಿ ಹೋಲಿಸಿ ನೋಡಲು ಅದು ಬೇಕು.

ಈಗ ಒಂದು ಅಂಗೈ ಹೊಕ್ಕುಳಿನ ಮೇಲೆ, ಇನ್ನೊಂದು ಎದೆಯ ನಡುವೆ ಇಟ್ಟುಕೊಂಡು ಮೂಗಿನಿಂದ ಉಸಿರು ಬಿಡಿ. ದೂಡಬೇಡಿ, ಹರಿದುಹೋಗಲು ಬಿಡಿ. ಆರಂಭದ ಗಾಳಿ ಯಾವ ಶ್ರಮವೂ ಇಲ್ಲದೆ ಹೊರಬೀಳುತ್ತದೆ. ಎಳೆದು ಬಿಟ್ಟ ರಬ್ಬರಿನಂತೆ ಶ್ವಾಸಕೋಶ ತಾನಾಗಿ ಕುಗ್ಗುತ್ತದೆ. ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ಹೊಟ್ಟೆಯ ಮೇಲಿನ ಕೈ ಮೆಲ್ಲಗೆ ಒಳಕ್ಕೆ ಸರಿಯುವುದು ತಿಳಿಯುತ್ತದೆ. ಆಗ ಹೊಕ್ಕುಳನ್ನು ಬೆನ್ನಿನ ಕಡೆಗೆ ಒಂದು ಬೆರಳಿನ ದಪ್ಪದಷ್ಟು ಸೇದಿಕೊಳ್ಳಿ, ಅಷ್ಟೇ. ಉಳಿದ ಕೊನೆಯ ಹನಿಯನ್ನೂ ಹಿಂಡಿ ತೆಗೆಯಲು ಹೋದರೆ ಪಕ್ಕೆ ನಡುಗುತ್ತದೆ, ಮುಂದಿನ ಉಸಿರು ದಡಬಡನೆ ನುಗ್ಗಿ ಬರುತ್ತದೆ.

ಬಿಟ್ಟು ಮುಗಿದ ಮೇಲೆ ಒಂದು ಕ್ಷಣ ಏನೂ ಮಾಡಬೇಡಿ. ಅಲ್ಲಿ ಚಿಕ್ಕದೊಂದು ನಿಲುಗಡೆ ತಾನಾಗಿ ಬರುತ್ತದೆ. ಉಸಿರು ಹೋಗಿಯೂ ಆಯಿತು, ಬರಬೇಕೆಂಬ ಅವಸರ ಇನ್ನೂ ಹುಟ್ಟಿಲ್ಲ. ಅದನ್ನು ಹಿಗ್ಗಿಸಲು ಹೋಗದೆ ಸುಮ್ಮನೆ ಗಮನಿಸಿ. ಆಮೇಲೆ ಒಳ ಉಸಿರು ತನ್ನಷ್ಟಕ್ಕೆ ಬರಲಿ. ಮೂಗಿನ ಹೊಳ್ಳೆಯ ಅಂಚಿಗೆ ತಣ್ಣಗೆ ತಾಗುತ್ತದೆ, ಹೊಟ್ಟೆಯ ಮೇಲಿನ ಕೈ ಏರುತ್ತದೆ, ಕೆಳಗಿನ ಪಕ್ಕೆಲುಬುಗಳು ಎರಡೂ ಬದಿಗೆ ಅಗಲವಾಗುತ್ತವೆ. ಎದೆಯ ಮೇಲಿನ ಕೈ ಬಹುತೇಕ ಅಲುಗುವುದಿಲ್ಲ. ಕೂತು ಮಾಡುವಾಗ ಹೊಟ್ಟೆ ಏರದಿದ್ದರೆ ಅಂಗಾತ ಮಲಗಿ, ಮಂಡಿ ಮಡಚಿ, ಹೊಟ್ಟೆಯ ಮೇಲೊಂದು ಹಗುರ ಪುಸ್ತಕವಿಟ್ಟು ಮಾಡಿ. ಪುಸ್ತಕ ಏರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ದಿನಕ್ಕೆ 5 ನಿಮಿಷ, ಒಂದು ವಾರ. ಇಲ್ಲಿ ಎಣಿಕೆಯಿಲ್ಲ, ಮೂಗು ಮುಚ್ಚುವುದಿಲ್ಲ. ಇದನ್ನು ಹಾರಿ ಮುಂದಕ್ಕೆ ಹೋದವರು ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಎಣಿಕೆ ಕೂಡಿಸುವುದು

ಪೂರಕ ಎಂದರೆ ಎಳೆದುಕೊಳ್ಳುವುದು, ರೇಚಕ ಎಂದರೆ ಬಿಡುವುದು. ಎರಡೂ ಸಮವಾದರೆ ಸಮವೃತ್ತಿ, ಬೇರೆ ಬೇರೆಯಾದರೆ ವಿಷಮವೃತ್ತಿ. ಹಳೆಯ ಅಳತೆ ಮಾತ್ರೆ. ಮಂಡಿಯ ಸುತ್ತ ಕೈಯಾಡಿಸಿ ಒಂದು ಚಿಟಿಕೆ ಹಾಕುವಷ್ಟು ಹೊತ್ತನ್ನು ಒಂದು ಮಾತ್ರೆ ಎನ್ನುವ ವಾಡಿಕೆಯುಂಟು. ಇಂದಿಗೆ ಒಂದು ಸೆಕೆಂಡನ್ನೇ ಒಂದು ಎಣಿಕೆ ಎಂದಿಟ್ಟುಕೊಂಡರೆ ಸಾಕು. ಮೊದಲ ನಾಲ್ಕೈದು ದಿನ ಸೆಕೆಂಡಿನ ಸದ್ದು ಕೇಳುವ ಗಡಿಯಾರವನ್ನೋ ಮೊಬೈಲಿನಲ್ಲಿ ತಾಳ ಬಡಿಯುವ ಮೆಟ್ರೊನೋಮನ್ನೋ ಬಳಸಿ, ಏಕೆಂದರೆ ಮನಸ್ಸು ಅವಸರದಲ್ಲಿದ್ದಾಗ ಒಳಗಿನ ಎಣಿಕೆಯೂ ಓಡುತ್ತದೆ. ನಾಡಿಬಡಿತವನ್ನೇ ತಾಳ ಮಾಡಿಕೊಳ್ಳುವವರಿದ್ದಾರೆ. ಆದರೆ ಎಳೆಯುವಾಗ ಬಡಿತ ಬಿರುಸಾಗುವುದರಿಂದ ಆ ಕಡೆಯ ನಾಲ್ಕು ಬಡಿತ ಚಿಕ್ಕದಾಗುತ್ತವೆ, ಬಿಡುವ ಕಡೆಯವು ಉದ್ದವಾಗುತ್ತವೆ. ಸಮವೃತ್ತಿ ಎಂದುಕೊಂಡದ್ದು ಸಮವಾಗಿರುವುದಿಲ್ಲ.

ಎರಡನೆಯ ವಾರ 3 ಎಣಿಕೆ ಒಳಕ್ಕೆ, 3 ಹೊರಕ್ಕೆ. ಇದು ನಿಮಿಷಕ್ಕೆ 10 ಉಸಿರು. ಸುಲಭವೆನಿಸಿದರೆ 4ಕ್ಕೆ 4. ಮೂರನೆಯ ವಾರ ಎಳೆಯುವುದನ್ನು 4ರಲ್ಲೇ ನಿಲ್ಲಿಸಿ, ಬಿಡುವುದನ್ನು ಮೊದಲು 5ಕ್ಕೆ, ಆಮೇಲೆ 6ಕ್ಕೆ ಒಯ್ಯಿರಿ. 4ಕ್ಕೆ 6 ಎಂದರೆ ಉಸಿರಿಗೆ 10 ಸೆಕೆಂಡು, ನಿಮಿಷಕ್ಕೆ ಸರಿಯಾಗಿ 6 ಉಸಿರು. ಹೆಚ್ಚಿನವರಿಗೆ ನಿತ್ಯದ ಅಭ್ಯಾಸಕ್ಕೆ ಇದೇ ಸಾಕು, ವರ್ಷಗಟ್ಟಲೆ ಇಲ್ಲೇ ಇದ್ದರೂ ಕೊರತೆಯಿಲ್ಲ. ಗ್ರಂಥಗಳು ಮೆಚ್ಚುವ 1ಕ್ಕೆ 2ರ ಅನುಪಾತ, ಅಂದರೆ 4ಕ್ಕೆ 8, ಹಗುರವೆನಿಸುವವರು ಅಲ್ಲಿಗೂ ಹೋಗಬಹುದು. ಚಿಕ್ಕ ಮೈಕಟ್ಟಿನವರಿಗೆ, ವಯಸ್ಸಾದವರಿಗೆ 3ಕ್ಕೆ 5 ಹೊಂದಬಹುದು. ಪಕ್ಕದಲ್ಲಿ ಕೂತವರ ಸಂಖ್ಯೆ ನಿಮ್ಮದಾಗಬೇಕಿಲ್ಲ.

ಎಣಿಕೆ ಹೆಚ್ಚಾಯಿತೋ ಇಲ್ಲವೋ ಎಂದು ತಿಳಿಯಲು ಮುಂದಿನ ಉಸಿರನ್ನು ನೋಡಿ. ಬಿಟ್ಟು ಮುಗಿದ ಮೇಲೆ ಒಳ ಉಸಿರು ಆತುರವಿಲ್ಲದೆ, ಸದ್ದಿಲ್ಲದೆ ಬಂದರೆ ಎಣಿಕೆ ಸರಿಯಿದೆ. ಸೊರ್ರೆಂದು ನುಗ್ಗಿದರೆ, ಬಾಯಿ ತೆರೆಯಬೇಕೆನಿಸಿದರೆ, ನಾಲ್ಕೈದು ಸುತ್ತಿಗೊಮ್ಮೆ ನಿಟ್ಟುಸಿರು ಬಂದರೆ ನಿಮ್ಮ ಅಳವಿಗಿಂತ ಮುಂದೆ ಹೋಗಿದ್ದೀರಿ, ಒಂದು ಎಣಿಕೆ ಇಳಿಸಿ. ಹತ್ತು ಸುತ್ತು ಹೀಗೆ ನಿರಾಳವಾಗಿ ಸಾಗಿದ ಮೇಲೆಯೇ ಏರಿಸುವ ಯೋಚನೆ. ಏರಿಸುವುದಾದರೂ ವಾರಕ್ಕೆ ಒಂದೇ ಎಣಿಕೆ.

ಇನ್ನೊಂದು ತಪ್ಪು ಬಲು ಸಾಮಾನ್ಯ: ಮೊದಲ ಎರಡು ಎಣಿಕೆಗೇ ಗಾಳಿಯೆಲ್ಲ ಖಾಲಿ ಮಾಡಿ, ಉಳಿದ ನಾಲ್ಕರಲ್ಲಿ ಸುಮ್ಮನೆ ಕಾಯುವುದು. ಲೆಕ್ಕ 6 ಆಯಿತು, ಲಯ ಬರಲಿಲ್ಲ. ಮೂಗಿನ ಕೆಳಗೆ ಬೆರಳು ಅಡ್ಡ ಹಿಡಿದು ನೋಡಿ. ಮೊದಲ ಎಣಿಕೆಯ ಬೆಚ್ಚನೆಯ ಗಾಳಿ ಆರನೆಯದರಲ್ಲೂ ಹೆಚ್ಚುಕಡಿಮೆ ಅಷ್ಟೇ ತಾಗಬೇಕು.

ನಾಡಿಶೋಧನ

4ಕ್ಕೆ 6 ಕೈವಶವಾದ ಮೇಲೆ ಮೂಗಿನ ಹೊಳ್ಳೆಗಳನ್ನು ಬದಲಿಸುವ ಅಭ್ಯಾಸ. ಬಲಗೈಯ ತೋರುಬೆರಳು, ನಡುಬೆರಳು ಅಂಗೈಗೆ ಮಡಚಿರಲಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರಬೆರಳು ಮತ್ತು ಕಿರುಬೆರಳು ಎಡ ಹೊಳ್ಳೆಗೆ. ಬೆರಳಿಡುವ ಜಾಗ ಮುಖ್ಯ. ಮೂಗಿನ ಮೇಲಿನಿಂದ ಬೆರಳು ಜಾರಿಸುತ್ತ ಬಂದರೆ ಗಟ್ಟಿ ಎಲುಬು ಮುಗಿದು ಮೆತ್ತಗಾಗುವ ಒಂದು ಗೆರೆ ಸಿಗುತ್ತದೆ. ಅದರ ತುಸು ಕೆಳಗೆ ಮೆಲ್ಲಗೆ ಒತ್ತಿದರೂ ದಾರಿ ಮುಚ್ಚುತ್ತದೆ. ತೀರಾ ಕೆಳಗೆ, ಹೊಳ್ಳೆಯ ತುದಿಯಲ್ಲಿ ಹಿಂಡಿದರೆ ಮೂಗಿನ ನಡುಗೋಡೆ ಇನ್ನೊಂದು ಬದಿಗೆ ಬಾಗಿ, ತೆರೆದಿರಬೇಕಾದ ಹೊಳ್ಳೆಯೂ ಇಕ್ಕಟ್ಟಾಗುತ್ತದೆ. ಕೈ ಎತ್ತುವ ಭರದಲ್ಲಿ ಬಲ ಭುಜ ಏರದಿರಲಿ, ತಲೆ ವಾಲದಿರಲಿ. ಕೈ ಸೋತರೆ ಮೊಣಕೈಗೆ ದಿಂಬಿನ ಆಸರೆ ಕೊಡಿ.

1. ಎರಡೂ ಹೊಳ್ಳೆಗಳಿಂದ ಒಮ್ಮೆ ಪೂರ್ತಿ ಉಸಿರು ಬಿಡಿ.
2. ಬಲ ಮುಚ್ಚಿ, ಎಡದಿಂದ 4 ಎಣಿಕೆ ಎಳೆದುಕೊಳ್ಳಿ.
3. ಎಡ ಮುಚ್ಚಿ, ಬಲ ತೆರೆದು, 6 ಎಣಿಕೆ ಬಿಡಿ.
4. ಅದೇ ಬಲದಿಂದ 4 ಎಳೆದುಕೊಳ್ಳಿ.
5. ಬಲ ಮುಚ್ಚಿ, ಎಡದಿಂದ 6 ಬಿಡಿ. ಒಂದು ಸುತ್ತಾಯಿತು.

ಸುತ್ತಿಗೆ 20 ಸೆಕೆಂಡು, ಆದ್ದರಿಂದ 15 ಸುತ್ತಿಗೆ 5 ನಿಮಿಷ. ಮೊದಲು 5 ಸುತ್ತು ಸಾಕು. ಯಾವ ಕಡೆ ಎಳೆಯಬೇಕು, ಯಾವ ಕಡೆ ಬಿಡಬೇಕು ಎಂದು ಗೊಂದಲವಾದರೆ ಒಂದೇ ಮಾತು ನೆನಪಿಟ್ಟುಕೊಳ್ಳಿ: ಹೊಳ್ಳೆ ಬದಲಾಗುವುದು ಉಸಿರು ತುಂಬಿದಾಗ ಮಾತ್ರ.

ಒಂದು ಹೊಳ್ಳೆ ಇನ್ನೊಂದಕ್ಕಿಂತ ಕಟ್ಟಿದಂತಿರುವುದು ಸಹಜ. ಮೂಗಿನ ಒಳಪದರದಲ್ಲಿ ರಕ್ತ ತುಂಬಿ ಇಳಿಯುವುದು ಎರಡು ಬದಿಗಳ ನಡುವೆ ಗಂಟೆಗಳ ಲೆಕ್ಕದಲ್ಲಿ ಅದಲುಬದಲಾಗುತ್ತಿರುತ್ತದೆ. ಕಟ್ಟಿದ ಹೊಳ್ಳೆ ಮೇಲೆ ಬರುವಂತೆ ಐದಾರು ನಿಮಿಷ ಮಗ್ಗುಲಾಗಿ ಮಲಗಿದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ನೆಗಡಿಯಾಗಿ ಪೂರ್ತಿ ಕಟ್ಟಿದ್ದರೆ ಅಂದಿಗೆ ನಾಡಿಶೋಧನ ಬಿಟ್ಟು, ಮೊದಲ ವಾರದ ಅಭ್ಯಾಸವನ್ನೇ ಮಾಡಿ.

ಭ್ರಾಮರಿ

ತುಟಿ ಮುಚ್ಚಿ, ಹಲ್ಲು ಬಿಡಿಸಿ, ಉಸಿರು ಬಿಡುತ್ತ ‘ಮ್‌’ ಎಂದು ದುಂಬಿಯಂತೆ ಗುಂಯ್‌ಗುಡುವುದು. ಬೇಕೆನಿಸಿದರೆ ಕಿವಿಯ ಮುಂದಿನ ಚಿಕ್ಕ ಮೃದು ಭಾಗವನ್ನು ಒತ್ತಿ ಕಿವಿ ಮುಚ್ಚಿಕೊಳ್ಳಿ, ಕಿವಿಯೊಳಗೆ ಬೆರಳು ತುರುಕಬೇಡಿ. 5ರಿಂದ 7 ಸುತ್ತು. ಎಣಿಕೆ ಹಿಡಿಯಲಾಗದವರಿಗೆ ಇದು ಒಳ್ಳೆಯ ದಾರಿ, ಯಾಕೆಂದರೆ ಸದ್ದೇ ಎಲ್ಲವನ್ನೂ ಹೇಳಿಬಿಡುತ್ತದೆ. ನಾದ ಒಂದೇ ಮಟ್ಟದಲ್ಲಿ ಸಾಗಿ ತೆಳುವಾಗಿ ಮುಗಿದರೆ ಉಸಿರೂ ಸಮವಾಗಿ ಹೋಗಿದೆ. ಆರಂಭದಲ್ಲಿ ಜೋರಾಗಿ ಕೊನೆಗೆ ಕಂಪಿಸಿದರೆ ಮುಂಚೆಯೇ ಹೆಚ್ಚು ಬಿಟ್ಟಿದ್ದೀರಿ. ರಾತ್ರಿ ಮಲಗುವ ಮುನ್ನ ಮಾಡಲು ಇದಕ್ಕಿಂತ ಹಿತವಾದುದಿಲ್ಲ.

ಕುಂಭಕದ ಆಸೆ

ಕುಂಭಕ ಎಂದರೆ ಉಸಿರು ಹಿಡಿಯುವುದು. ಅದೇ ನಿಜವಾದ ಪ್ರಾಣಾಯಾಮ ಎಂದು ಕೇಳಿ, 1ಕ್ಕೆ 4ಕ್ಕೆ 2 (ಎಳೆಯುವುದು, ಹಿಡಿಯುವುದು, ಬಿಡುವುದು) ಎಂಬ ಅನುಪಾತವನ್ನು ಎಲ್ಲೋ ಓದಿ, ಎರಡನೆಯ ದಿನವೇ 16 ಎಣಿಕೆ ಹಿಡಿಯುವವರಿದ್ದಾರೆ. ಹಠಯೋಗ ಪ್ರದೀಪಿಕೆ ಕುಂಭಕವನ್ನು ಎತ್ತಿಹಿಡಿಯುವ ಗ್ರಂಥ. ಅದೇ ಗ್ರಂಥ (2.15) ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ವಾಯುವನ್ನೂ ‘ಶನೈಃ ಶನೈಃ’, ಮೆಲ್ಲಮೆಲ್ಲಗೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎನ್ನುತ್ತದೆ. ತಪ್ಪು ಅಭ್ಯಾಸದಿಂದ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ-ಕಿವಿ-ಕಣ್ಣಿನ ನೋವು ಬರುತ್ತವೆ ಎಂದೂ ಮುಂದೆಯೇ ಹೇಳಿದೆ. ಮೊದಲ ಮೂರು ತಿಂಗಳು ಕುಂಭಕ ಬೇಡ. ಆಮೇಲೂ ತಿಳಿದವರ ಎದುರು ಕೂತೇ ಕಲಿಯಿರಿ. ಹೊಟ್ಟೆಯಿಂದ ಉಸಿರನ್ನು ಬಿರುಸಾಗಿ ಹೊರದೂಡುವ ಕಪಾಲಭಾತಿಯ ವಿಷಯವೂ ಹೀಗೆಯೇ. ಅದು ಹಠಯೋಗದ ಆರು ಶುದ್ಧಿಕ್ರಿಯೆಗಳಾದ ಷಟ್ಕರ್ಮಗಳಲ್ಲಿ ಒಂದು. ಲಯದ ಉಸಿರಾಟಕ್ಕೆ ಬದಲಿಯಾಗಿ ಅದನ್ನು ಮಾಡುವಂತಿಲ್ಲ.

ಹೀಗಾದರೆ ಹೀಗೆ ಮಾಡಿ

ತಲೆ ಹಗುರಾಗಿ ತಿರುಗಿದರೆ, ಬೆರಳ ತುದಿ ಅಥವಾ ತುಟಿಯ ಸುತ್ತ ಜುಮ್ಮೆಂದರೆ ನೀವು ಬೇಕಾದದ್ದಕ್ಕಿಂತ ಹೆಚ್ಚು ಗಾಳಿಯಾಡಿಸುತ್ತಿದ್ದೀರಿ. ಇದಕ್ಕೆ ಆಮ್ಲಜನಕದ ಕೊರತೆ ಕಾರಣವೆಂದು ಭಾವಿಸಿ ಇನ್ನಷ್ಟು ಎಳೆದುಕೊಳ್ಳುವವರುಂಟು, ಅದರಿಂದ ಇನ್ನೂ ಹೆಚ್ಚುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತೀರಾ ಇಳಿದಾಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಸುತ್ತುವುದು ಅದರಿಂದ. ಎಣಿಕೆ ಬಿಟ್ಟು ಸುಮ್ಮನೆ ಸಹಜ ಉಸಿರಿಗೆ ಬನ್ನಿ, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಮರುದಿನ ಎಣಿಕೆ ಅಷ್ಟೇ ಇರಲಿ, ಎಳೆಯುವ ಪ್ರಮಾಣ ಕಡಿಮೆಯಾಗಲಿ.

ಉಸಿರುಕಟ್ಟಿದಂತಾದರೆ ಎಣಿಕೆ ಉದ್ದವಾಯಿತು. ನಿದ್ದೆ ತೂಗಿದರೆ ಕಣ್ಣು ಅರೆತೆರೆದು ಮಾಡಿ, ಅಥವಾ ಅಂದು ನಿಜಕ್ಕೂ ನಿದ್ದೆ ಸಾಲದೆ ಹೋಗಿದೆಯೇ ನೋಡಿಕೊಳ್ಳಿ. ಕೆಲವರಿಗೆ ಉಸಿರಿನ ಮೇಲೆ ಗಮನವಿಟ್ಟೊಡನೆ ಗಾಬರಿಯೇ ಹೆಚ್ಚುತ್ತದೆ. ಅಂಥವರು ಕಣ್ಣು ಮುಚ್ಚದೆ, ಕೂರದೆ, ನಡೆಯುತ್ತ ಮಾಡಲಿ: 3 ಹೆಜ್ಜೆಗೆ ಒಳಕ್ಕೆ, 4 ಹೆಜ್ಜೆಗೆ ಹೊರಕ್ಕೆ. ಎಣಿಕೆಯ ಭಾರವನ್ನು ಪಾದಗಳು ಹೊತ್ತುಕೊಳ್ಳುತ್ತವೆ.

ಹೃದಯದ ಕಾಯಿಲೆ, ಹೆಚ್ಚು ರಕ್ತದೊತ್ತಡ, ಮೂರ್ಛೆರೋಗ, ಗ್ಲಾಕೋಮಾ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಹೊಟ್ಟೆ ಅಥವಾ ಎದೆಯ ಶಸ್ತ್ರಚಿಕಿತ್ಸೆ ಆದವರು ಕುಂಭಕ, ಕಪಾಲಭಾತಿ ಮತ್ತು ತಿದಿಯೊತ್ತಿದಂತೆ ರಭಸವಾಗಿ ಉಸಿರಾಡುವ ಭಸ್ತ್ರಿಕೆಗಳಿಂದ ದೂರವಿರಬೇಕು. ಹಿಡಿಯದೆ, ದೂಡದೆ ಮಾಡುವ ಮೆಲ್ಲುಸಿರನ್ನೂ ತಮ್ಮ ವೈದ್ಯರಿಗೆ ಹೇಳಿಯೇ ಶುರುಮಾಡಲಿ. ಉಬ್ಬಸವಿರುವವರು ಔಷಧ ನಿಲ್ಲಿಸಬಾರದು, ಉಬ್ಬಸ ಎದ್ದಿರುವ ಹೊತ್ತಿನಲ್ಲಿ ಎಣಿಕೆಗೆ ಕೂರಬಾರದು. ಎದೆನೋವು ಬಂದರೆ ಕೂಡಲೇ ನಿಲ್ಲಿಸಿ, ತಡಮಾಡದೆ ವೈದ್ಯರನ್ನು ಕಾಣಿ.

ದಿನಚರಿ

ಅಭ್ಯಾಸ ಗಟ್ಟಿಯಾಗಲು ಯೋಗಸೂತ್ರ (1.14) ಕೇಳುವುದು ಮೂರು: ದೀರ್ಘಕಾಲ, ನೈರಂತರ್ಯ, ಸತ್ಕಾರ. ಸತ್ಕಾರ ಎಂದರೆ ಆದರ. ಮನೆಗೆ ಬಂದವರನ್ನು ಕೂರಿಸಿ ಮಾತಾಡಿಸುವಂತೆ ಅಭ್ಯಾಸಕ್ಕೂ ಹೊತ್ತು, ಜಾಗ, ಗಮನ ಕೊಡುವುದು. ಹಾಗಾಗಿ ಭಾನುವಾರ ಮುಕ್ಕಾಲು ಗಂಟೆ ಕೂರುವುದಕ್ಕಿಂತ ದಿನವೂ 12 ನಿಮಿಷ ಮೇಲು. ಬೆಳಿಗ್ಗೆ 1 ನಿಮಿಷ ಸಹಜ ಉಸಿರಿನ ಎಣಿಕೆ, 5 ನಿಮಿಷ 4ಕ್ಕೆ 6, 5 ನಿಮಿಷ ನಾಡಿಶೋಧನ, ಕೊನೆಯ 1 ನಿಮಿಷ ಯಾವ ಎಣಿಕೆಯೂ ಇಲ್ಲದೆ ಸುಮ್ಮನೆ ಕೂರುವುದು. ಈ ಕಡೆಯ ನಿಮಿಷವನ್ನು ಬಿಟ್ಟು ಎದ್ದುಬಿಡುವವರೇ ಹೆಚ್ಚು, ಆದರೆ ಉಸಿರು ಬದಲಾದದ್ದು ಮನಸ್ಸಿಗೆ ಗೊತ್ತಾಗುವುದು ಅಲ್ಲೇ. ರಾತ್ರಿ 5 ಸುತ್ತು ಭ್ರಾಮರಿ.

ಹಗಲಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ ಎನಿಸಿದಾಗ ಮೂರು ಉಸಿರು ಸಾಕು: ಮೊದಲು ಪೂರ್ತಿ ಬಿಟ್ಟು, ಆಮೇಲೆ 4ಕ್ಕೆ 6ರಂತೆ ಮೂರು ಬಾರಿ, ಒಟ್ಟು ಅರ್ಧ ನಿಮಿಷ. ಫೋನ್ ಎತ್ತುವ ಮೊದಲು, ಸಿಟ್ಟಿನಲ್ಲಿ ಉತ್ತರ ಬರೆಯುವ ಮೊದಲು ಮಾಡಿ ನೋಡಿ. ತಿಂಗಳಿಗೊಮ್ಮೆ, ಮೊದಲ ದಿನ ಬರೆದಿಟ್ಟ ಸಂಖ್ಯೆಯ ಪಕ್ಕದಲ್ಲಿ ಅಂದಿನ ಸಂಖ್ಯೆಯನ್ನೂ ಬರೆಯಿರಿ.